ಕುಳ್ಳ ಬಾಟಲಿಯ ಮೀನು

ನಮ್ಮ ಬ್ಯಾಚಿನವರು ಮದುವೆಮನೆಗಳಲ್ಲಿ ಸಿಕ್ಕಾಗ ಊಟದ ಪಂಕ್ತಿಯಲ್ಲಿ ಕೂತು ಹೇಳುವ ಕತೆಯೊಂದಿದೆ. ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮ್ಯೂಸಿಯಮ್ಮಿನ ಅಟೆಂಡರ್ ಬೇಕಂತಲೇ ಎರಡು ಮೀನಿನ ಬಾಟಲಿಗಳ ಲೇಬಲ್ ಅದಲುಬದಲು ಮಾಡಿದ, ಇಡೀ ತರಗತಿಯ ಮಾರ್ಕ್ಸ್ ಹೋಗುವ ಹಾಗೆ ಮಾಡಿದ, ನಾವೆಲ್ಲ ಒಗ್ಗಟ್ಟಾಗಿ ದೂರು ಕೊಟ್ಟು ನ್ಯಾಯ ಪಡೆದೆವು, ಅವನ ಕೆಲಸ ಹೋಯಿತು. ಹೇಳಿ ಮುಗಿಸಿ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. "ಇವ್ಳು ಅವತ್ತು ಮಾತಾಡಿದ್ದು ಕೇಳ್ಬೇಕಿತ್ತು ಕಣ್ರೋ. ಪ್ರಿನ್ಸಿಪಾಲ್ರೇ ಸುಸ್ತು."

ಈ ಕತೆಯ ಮೇಲೆ ನನ್ನ ಮೊದಲ ತಕರಾರು ಸರಳವಾದದ್ದು. ಅದಲುಬದಲು ಮಾಡಿ ಆ ಮನುಷ್ಯನಿಗೆ ಸಿಗುವುದೇನಿತ್ತು? ಹನ್ನೆರಡು ವರ್ಷ ದಿನಗೂಲಿಯಲ್ಲಿ ದುಡಿದು, ಆ ವರ್ಷ ತಾನೇ ಕಾಯಂ ಮಾಡುವವರ ಪಟ್ಟಿಯಲ್ಲಿ ಹೆಸರು ಬಂದಿದ್ದವರು ಅವರು. ಅದು ನಮಗೆಲ್ಲ ಗೊತ್ತಿತ್ತು. ಪಟ್ಟಿ ಬಂದ ದಿನ ಲ್ಯಾಬಿನವರಿಗೆಲ್ಲ ಬೂಂದಿ ಹಂಚಿದ್ದರು. ಅಂಥವರು ಪರೀಕ್ಷೆಯ ಹಿಂದಿನ ದಿನ ಬೇಕಂತಲೇ ಕಿತಾಪತಿ ಮಾಡುತ್ತಾರೆ ಎಂದರೆ ನಂಬಲು ಕಾರಣ ಬೇಕು. ಕಾರಣ ಏನೆಂದು ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಅವತ್ತು ನಾನೂ ಕೇಳಲಿಲ್ಲ. ಎರಡನೆಯ ತಕರಾರು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಗುಬ್ಬಿಯಿಂದ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ತುಮಕೂರಿನ ಕಾಲೇಜಿಗೆ ಹೋಗುತ್ತಿದ್ದೆವು, ನಾನು ಮತ್ತು ನನ್ನ ಬೀದಿಯವಳೇ ಆದ ಗೆಳತಿ. ಅವಳ ಚೀಲದಲ್ಲಿ ರೆಕಾರ್ಡ್ ಪುಸ್ತಕ, ನನ್ನ ಚೀಲದಲ್ಲಿ ಚರ್ಚಾಸ್ಪರ್ಧೆಯ ಟಿಪ್ಪಣಿಗಳು. ಜಿಲ್ಲೆಯಲ್ಲಿ ಎಲ್ಲೇ ಸ್ಪರ್ಧೆ ಇರಲಿ, ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಎರಡರಲ್ಲೂ ಷೀಲ್ಡ್ ತಂದಿದ್ದೆ. ನಮ್ಮಪ್ಪ ಅವನ್ನೆಲ್ಲ ಟಿ.ವಿ. ಮೇಲೆ ಸಾಲಾಗಿ ಇಟ್ಟಿದ್ದರು.

ಪ್ರಾಣಿಶಾಸ್ತ್ರದಲ್ಲಿ ನಮ್ಮೆಲ್ಲರ ಹೆದರಿಕೆ ಸ್ಪಾಟರ್. ಉದ್ದನೆಯ ಮೇಜಿನ ಮೇಲೆ ಹತ್ತು ಬಾಟಲಿ ಇಟ್ಟಿರುತ್ತಾರೆ. ಒಳಗೆ ಫಾರ್ಮಲಿನ್ನಿನಲ್ಲಿ ಮುಳುಗಿದ ಜೀವಿಗಳು, ಲೇಬಲ್ ಕಾಣದಂತೆ ಮೇಲೆ ಕಾಗದ ಸುತ್ತಿ ನಂಬರ್ ಬರೆದಿರುತ್ತದೆ. ಗಂಟೆ ಹೊಡೆದಾಗ ಒಂದು ಬಾಟಲಿಯಿಂದ ಮುಂದಿನದಕ್ಕೆ ಸರಿಯಬೇಕು. ಅಷ್ಟರೊಳಗೆ ಹೆಸರು, ವರ್ಗ, ಗುರುತಿಸಿದ ಲಕ್ಷಣ ಬರೆಯಬೇಕು. ಆ ಹತ್ತರಲ್ಲಿ ಎಲ್ಲರ ತಲೆ ತಿನ್ನುತ್ತಿದ್ದವು ಎರಡು ಸಣ್ಣ ಮೀನುಗಳು. ಕಡಲ ದಂಡೆಯ ಬಂಡೆಗಳ ಸಂದಿನಲ್ಲಿ ಬದುಕುವಂಥವು, ಒಂದು ಗೋಬಿ, ಇನ್ನೊಂದು ಬ್ಲೆನ್ನಿ. ಎರಡೂ ಬೆರಳುದ್ದ. ಜೀವವಿದ್ದಾಗ ಬಂಡೆಯ ಮೇಲೆ ಬಂಡೆಯ ಬಣ್ಣ, ಪಾಚಿಯ ಮೇಲೆ ಪಾಚಿಯ ಬಣ್ಣ, ಕಣ್ಣೆದುರೇ ಇದ್ದರೂ ಕಾಣುವುದಿಲ್ಲ ಎಂದು ಮೇಷ್ಟ್ರು ಪಾಠ ಮಾಡಿದ್ದರು. ಫಾರ್ಮಲಿನ್ನಿನಲ್ಲಿ ಆ ಬಣ್ಣವೆಲ್ಲ ಹೋಗಿ ಎರಡೂ ಬೆಂದ ಅನ್ನದಂತೆ ಬಿಳಿಚಿಕೊಂಡಿದ್ದವು.

ಇದಕ್ಕೆ ಸೀನಿಯರುಗಳು ದಾರಿ ಕಂಡುಕೊಂಡಿದ್ದರು. ಮೀನು ನೋಡಬೇಡಿ, ಬಾಟಲಿ ನೋಡಿ. ಮುಚ್ಚಳದ ಅಂಚು ಒಡೆದ ಕುಳ್ಳ ಬಾಟಲಿ ಗೋಬಿ. ಮೇಣ ಹಚ್ಚಿದ ಉದ್ದನೆಯದು ಬ್ಲೆನ್ನಿ. ಹೀಗೆ ಹತ್ತಕ್ಕೂ ಒಂದೊಂದು ಗುರುತು. ಬ್ಯಾಚಿನಿಂದ ಬ್ಯಾಚಿಗೆ ಈ ಪಟ್ಟಿ ದಾಟುತ್ತಿತ್ತು. ರೈಲಿನಲ್ಲಿ ಗೆಳತಿ ಕಣ್ಣು ಮುಚ್ಚಿಕೊಂಡು, "ಕುಳ್ಳ ಗೋಬಿ, ಉದ್ದ ಬ್ಲೆನ್ನಿ" ಅಂತ ಜಪ ಮಾಡುತ್ತಿದ್ದಳು. ಎದುರು ಸೀಟಿನಲ್ಲಿದ್ದ ಹೆಂಗಸೊಬ್ಬರು ಒಮ್ಮೆ, "ಗೋಬಿ ಮಂಚೂರಿ ಮಾಡೋದ್ ಕಲಿಸ್ತಾರಾ ಕಾಲೇಜಲ್ಲಿ?" ಎಂದು ಕೇಳಿ ಇಡೀ ಬೋಗಿಯನ್ನೇ ನಗಿಸಿದ್ದರು.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಒಂದು ಮಧ್ಯಾಹ್ನ ನಾವಿಬ್ಬರೂ ಮ್ಯೂಸಿಯಮ್ಮಿಗೆ ಓದಲು ಹೋದೆವು. ಅಟೆಂಡರ್ ಮೂಗಿಗೆ ಟವೆಲ್ ಕಟ್ಟಿಕೊಂಡು ಫಾರ್ಮಲಿನ್ ಬದಲಿಸುತ್ತಿದ್ದರು. ಕುಣಿಗಲ್ಲಿನವರು. ಮನೆಯವರೆಲ್ಲ ಕುಣಿಗಲ್ ಕೆರೆಯಲ್ಲಿ ಬಲೆ ಬೀಸುವವರು. ಇವರೊಬ್ಬರೇ ಕೆಲಸಕ್ಕೆಂದು ತುಮಕೂರಿಗೆ ಬಂದದ್ದು. ಎನಾಮಲ್ ತಟ್ಟೆಯಲ್ಲಿ ಎರಡೂ ಮೀನುಗಳು ಮಲಗಿದ್ದವು.

"ಬಾರವ್ವಾ ಇಲ್ಲಿ, ಓದೋರು ನೀವು" ಎಂದು ಕರೆದರು. "ಇದು ಕುಳ್ಳ ಬಾಟ್ಲಿದು. ಗೋಬಿ ಅಂತ ಚೀಟಿ ಐತೆ. ಹೊಟ್ಟೆ ತಿರುಗ್ಸಿ ನೋಡು. ಬಟ್ಲು ಐತಾ?"

ಚಿಮಟದಲ್ಲಿ ತಿರುಗಿಸಿದೆ. "ಬಟ್ಟಲಾ? ಇಲ್ಲ. ಗಂಟಲ ಹತ್ರ ಎರಡು ದಾರದ ಥರ ಇದೆ."

"ಹೂಂ. ಮೈ ಮುಟ್ಟು. ಹುರುಪೆ ಸಿಗ್ತದಾ? ಸಿಗಾಕಿಲ್ಲ. ಈಗ ಉದ್ದನ್ ಬಾಟ್ಲಿದು ನೋಡು."

ಎರಡನೆಯ ಮೀನಿನ ಎದೆಯ ಕೆಳಗೆ ಎರಡು ಈಜುರೆಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಪುಟ್ಟ ಬಟ್ಟಲಾಗಿದ್ದವು. ಉಗುರಿನಷ್ಟೂ ಇಲ್ಲ, ಆದರೆ ಬಟ್ಟಲೇ.

"ನಮ್ಮ್ ಕುಣಿಗಲ್ ಕೆರೇಲೂ ಇದ್ರ ವಂಶದ್ದು ಒಂದೈತೆ ಕಣವ್ವ. ತಳದಾಗೆ ಮಣ್ಣಿನ್ ಬಣ್ಣಕ್ಕೇ ಮಲ್ಗಿರ್ತದೆ, ಕಾಲಲ್ಲಿ ತುಳುದ್ರೂ ಗೊತ್ತಾಗಾಕಿಲ್ಲ. ಹಿಡ್ಕಂಡ್ ಹೊಟ್ಟೆ ನೋಡುದ್ರೆ ಇದೇ ಬಟ್ಲು. ಮೇಷ್ಟ್ರು ಪಾಠದಲ್ಲಿ ಏನ್ ಹೇಳ್ತಾರೆ? ಗೋಬಿಗೆ ಹೊಟ್ಟೆ ಕೆಳ್ಗೆ ಬಟ್ಲು ಅಂತಾರೆ. ಹನ್ನೆರಡ್ ವರ್ಷದಿಂದ ಬಾಗ್ಲಲ್ ನಿಂತ್ಕಂಡು ನಾನೂ ಕೇಳಿದೀನಿ. ಅಂದ್ಮೇಲೆ ಗೋಬಿ ಯಾವ್ದು?"

"ಲೇಬಲ್ ತಪ್ಪು ಅಂತೀರಾ?"

"ಹೊನ್ನಾವರದ್ ತಾವ ಬಂಡೇಲಿ ಇವೆರಡ್ನೂ ಹಿಡುದ್ದೋನು ನಾನೇ. ಟೂರ್ ಹೋದಾಗ ಬಕೆಟ್ ಹೊರಕ್ಕೆ ಕರ್ಕಂಡೋಗಿದ್ರು. ವಾಪಸ್ ಬಂದು ಬಾಟ್ಲಿಗಾಕುವಾಗ ಅದ್ಲುಬದ್ಲಾಗೈತೆ. ಮೇಷ್ಟ್ರಿಗೂ ಹೇಳಿದೀನಿ. ಪರೀಕ್ಷೆ ಮುಗೀಲಿ ನೋಡೋಣ ಅಂದವ್ರೆ."

ಇಲ್ಲಿ ನಾನು ಪುಸ್ತಕ ತೆಗೆಯಬೇಕಿತ್ತು. ಪಕ್ಕದ ಬೀರುವಿನಲ್ಲೇ ಇತ್ತು, ಬೀಗವೂ ಇರಲಿಲ್ಲ. ತೆಗೆಯಲಿಲ್ಲ. ಎದುರಾಳಿ ಸಿಕ್ಕಿದ ಖುಷಿ ಬಂದುಬಿಟ್ಟಿತ್ತು.

"ಅಣ್ಣಾ, ಲೇಬಲ್ ಬರೆದವರು ಯಾರು?"

"ಮೇಷ್ಟ್ರು."

"ಅವರು ಓದಿರೋದು?"

"ಎಮ್ಮೆಸ್ಸಿ."

"ನೀವು?"

ಅವರು ಟವೆಲ್ಲಿನ ಹಿಂದೆ ನಕ್ಕರು. "ಏಳ್ನೇ ಕ್ಲಾಸು. ಗೊತ್ತಿದ್ದೇ ಕೇಳ್ತೀಯಲ್ಲವ್ವ."

"ಲೇಬಲ್ ಒಂದು ಸಾಕ್ಷಿ. ಮೇಷ್ಟ್ರು ಎರಡನೇ ಸಾಕ್ಷಿ. ಇಷ್ಟು ವರ್ಷ ಬಂದುಹೋದ ಪರೀಕ್ಷಕರೆಲ್ಲ ಮೂರನೇ ಸಾಕ್ಷಿ. ನಿಮ್ಮ ಕಡೆ ಇರೋದು ಒಂದು ಕೆರೆ. ಕೆರೆ ಮೀನಿನ ಸಾಕ್ಷಿ ಸಮುದ್ರದ ಮೀನಿಗೆ ನಡೆಯುತ್ತಾ?"

ಗೆಳತಿ ಚಪ್ಪಾಳೆ ತಟ್ಟಿದಳು. "ಬುಡಣ್ಣಾ, ಇವ್ಳತ್ರ ಗೆಲ್ಲೋಕಾಗಲ್ಲ."

"ಗೆಲ್ಲೋಕೆ ಯಾರವ್ವ ಹೇಳಿದ್ದು?" ಎಂದರು. ಈಗ ನಗುತ್ತಿರಲಿಲ್ಲ. "ನಿಮ್ ಉತ್ರ ತಪ್ಪಾಗ್ತದೆ ಅಂತ ಹೇಳ್ದೆ."

ಆ ಮಾತು ನೆನಪಿಟ್ಟುಕೊಂಡೆ. ಒಳ್ಳೆಯದಕ್ಕಲ್ಲ.

ಪರೀಕ್ಷೆಯ ದಿನ ನಾನೂ ಎಲ್ಲರಂತೆ ಕುಳ್ಳ ಬಾಟಲಿಗೆ ಗೋಬಿ ಎಂದೇ ಬರೆದೆ. 'ಹೊಟ್ಟೆಯ ಕೆಳಗೆ ಬಟ್ಟಲಿನಂಥ ರೆಕ್ಕೆ' ಎಂದು ಲಕ್ಷಣವನ್ನೂ ಬರೆದೆ. ಆ ಮೀನಿಗೆ ಬಟ್ಟಲಿಲ್ಲ ಎಂದು ನಾಲ್ಕು ದಿನದ ಹಿಂದೆ ನನ್ನ ಬಾಯಿಂದಲೇ ಹೇಳಿದ್ದೆ. ಬರೆಯುವಾಗ ಅದು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳು. ಬಂತು; ಲೇಬಲ್ಲಿಗೆ ವಿರುದ್ಧ ಬರೆದು ಮಾರ್ಕ್ಸ್ ಕಳೆದುಕೊಳ್ಳುವ ಧೈರ್ಯ ಬರಲಿಲ್ಲ.

ಬೇರೆ ಜಿಲ್ಲೆಯಿಂದ ಬಂದ ಪರೀಕ್ಷಕರು ಬೆಳಿಗ್ಗೆಯೇ, ಕಾಗದ ಸುತ್ತುವ ಮುಂಚೆ, ಲೇಬಲ್ ನೋಡಿ ಉತ್ತರಗಳ ಪಟ್ಟಿ ಮಾಡಿಕೊಂಡಿದ್ದರು. ಮಧ್ಯಾಹ್ನ ವೈವಾಕ್ಕೆ ಕೂತಾಗ ನಮ್ಮ ಉತ್ತರಪತ್ರಿಕೆಗಳ ಕಂತೆ ತಟ್ಟಿ ಕೇಳಿದರು: "ಏನ್ರೀ ಇದು, ನಿಮ್ಮ ಕಾಲೇಜಲ್ಲಿ ಒಬ್ರಿಗೂ ಗೋಬಿ ಯಾವ್ದು ಬ್ಲೆನ್ನಿ ಯಾವ್ದು ಗೊತ್ತಿಲ್ವಾ?"

ವೈವಾ ಮುಗಿಸಿ ಬಂದು, ಮೇಜಿನ ಮೇಲಿದ್ದ ಬಾಟಲಿಗಳ ಕಾಗದ ಸರಿಸಿ ನೋಡಿದೆವು. ಕುಳ್ಳ ಬಾಟಲಿಯ ಮೇಲೆ ಬ್ಲೆನ್ನಿ, ಉದ್ದ ಬಾಟಲಿಯ ಮೇಲೆ ಗೋಬಿ. ಲೇಬಲ್ಲಿನ ಅಂಚಿನಲ್ಲಿ ಗೋಂದು ಇನ್ನೂ ಪೂರ್ತಿ ಒಣಗಿರಲಿಲ್ಲ. ಮೇಷ್ಟ್ರ ಅದೇ ಹಳೆಯ ಕೈಬರಹದ ಚೀಟಿಗಳು. ಒಂದೂ ಹರಿಯದಂತೆ ನೀರು ಹಚ್ಚಿ ಬಿಡಿಸಿ ಅಂಟಿಸಿದ್ದರು.

ಯಾರು ದೂರು ಬರೆಯಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ. ಲ್ಯಾಬಿನ ಮೆಟ್ಟಿಲ ಮೇಲೆ ಕೂತು ನಾನೇ ಬರೆದೆ, ಎಲ್ಲರೂ ಸಹಿ ಹಾಕಿದರು.

ಮಾರನೆಯ ದಿನ ಪ್ರಿನ್ಸಿಪಾಲರ ಕೋಣೆ. ಮೇಜಿನ ಮೇಲೆ ಎರಡೂ ಬಾಟಲಿ. ಒಂದು ಪಕ್ಕ ಮೇಷ್ಟ್ರು ಕುರ್ಚಿಯಲ್ಲಿ, ಇನ್ನೊಂದು ಪಕ್ಕ ಅಟೆಂಡರ್ ಕೈಕಟ್ಟಿ ನಿಂತು. ನಾನು ನಡುವೆ.

"ಲೇಬಲ್ ಯಾಕಯ್ಯಾ ಮುಟ್ಟಿದೆ?" ಪ್ರಿನ್ಸಿಪಾಲರು ಕೇಳಿದರು.

"ಸರಿ ಮಾಡ್ದೆ ಸಾ."

"ಯಾರನ್ನ ಕೇಳಿ?"

ಅವರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಬಾಟಲಿ ನೋಡುತ್ತಿದ್ದರು. ಅಟೆಂಡರ್ ತಲೆ ತಗ್ಗಿಸಿ, "ಯಾರ್ನೂ ಕೇಳ್ಲಿಲ್ಲ ಸಾ. ತಪ್ಪು ಹೆಸ್ರು ಬರ್ಕಂಡೋಗ್ತವೆ ಮಕ್ಳು, ಹೊರಗಿನೋರು ನೋಡುದ್ರೆ ನಮ್ ಕಾಲೇಜಿಗೇ ಕೆಟ್ಟೆಸ್ರು ಅನ್ಕಂಡು..." ಎಂದು ನಿಲ್ಲಿಸಿದರು.

ಆಗ ನಾನು ಮಾತಾಡಿದೆ. ಆ ಮಾತನ್ನೇ ನಮ್ಮ ಬ್ಯಾಚಿನವರು ಇವತ್ತಿಗೂ ಹೊಗಳುವುದು. "ಸರ್, ಇದು ಕೈತಪ್ಪಿ ಆದದ್ದಲ್ಲ. ಪರೀಕ್ಷೆಗೆ ನಾಲ್ಕು ದಿನ ಮುಂಚೆ ಇವರೇ ನನಗೆ ಹೇಳಿದ್ರು, ನಿಮ್ಮ ಉತ್ತರ ತಪ್ಪಾಗುತ್ತೆ ಅಂತ. ಇದೇ ಮಾತು. ನನ್ನ ಗೆಳತಿಯೂ ಕೇಳಿಸ್ಕೊಂಡಿದ್ದಾಳೆ. ತಪ್ಪಾಗುತ್ತೆ ಅಂತ ಮುಂಚೆಯೇ ಗೊತ್ತಿದ್ದವರು ಯಾರು ಸರ್? ತಪ್ಪು ಮಾಡಿಸೋಕೆ ಹೊರಟವರು ತಾನೇ?"

ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅವರು ಆಡಿದ ಮಾತನ್ನೇ ಆಡಿದ್ದೆ. ಎಚ್ಚರಿಕೆಯಾಗಿ ಕೊಟ್ಟದ್ದನ್ನು ಬೆದರಿಕೆಯಾಗಿ ಹಿಂದಿರುಗಿಸಿದ್ದೆ, ಅಷ್ಟೇ. ಅಟೆಂಡರ್ ತಲೆ ಎತ್ತಿ ನನ್ನನ್ನು ನೋಡಿದರು. ಕೋಪ ಇರಲಿಲ್ಲ. ಯಾರೋ ಹೊಸಬರನ್ನು ನೋಡುವ ಹಾಗೆ ನೋಡಿದರು.

ಪ್ರಿನ್ಸಿಪಾಲರು ಮೇಷ್ಟ್ರಿಗೆ, "ನೀವೇ ಹೇಳಿ ಸಾರ್, ಯಾವುದು ಯಾವುದು?" ಎಂದರು. ಮೇಷ್ಟ್ರು ಕುಳ್ಳ ಬಾಟಲಿಯನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋದರು. ಬೆಳಕಿಗೆ ಹಿಡಿದರು. ಕನ್ನಡಕ ಹಣೆಗೆ ಸರಿಸಿ, ಬಾಟಲಿಯನ್ನು ನಿಧಾನವಾಗಿ ಬುಡಮೇಲು ಮಾಡಿ, ಹೊರಳಿದ ಮೀನನ್ನು ಕೆಳಗಿನಿಂದ ನೋಡಿದರು. ತುಸು ಹೊತ್ತು ಹಾಗೇ ನಿಂತಿದ್ದರು. ಮತ್ತೆ ನೆಟ್ಟಗೆ ಹಿಡಿದು, ಗಾಜಿನ ಮೇಲಿನ ಬೆರಳಚ್ಚನ್ನು ಕರವಸ್ತ್ರದಿಂದ ಒರೆಸಿ, ಮೇಜಿನ ಮೇಲೆ ಇಟ್ಟರು.

"ಹಳೇ ಲೇಬಲ್ಲೇ ಇರ್ಲಿ ಸಾರ್."

ಆ ಕೋಣೆಯಲ್ಲಿ ಅವರು ಆಡಿದ ಮಾತು ಅದೊಂದೇ. ಅದನ್ನು ನಾನು ತೀರ್ಪು ಎಂದುಕೊಂಡೆ. ಗೆದ್ದೆ ಎಂದುಕೊಂಡೆ.

ನಮ್ಮ ಮಾರ್ಕ್ಸ್ ನಮಗೆ ಬಂತು. ಸೋಮವಾರದಿಂದ ಬರಬೇಡ ಎಂದು ಅಟೆಂಡರ್‌ಗೆ ಹೇಳಿದರು. ಕಾಯಂ ಮಾಡುವ ಪಟ್ಟಿಯಿಂದ ಅವರ ಹೆಸರು ಹೊಡೆದು ಹಾಕಿದರಂತೆ. ಮ್ಯೂಸಿಯಮ್ಮಿನ ಬೀಗದ ಕೈಯನ್ನು ಅವರು ನನ್ನ ಎದುರೇ ಮೇಜಿನ ಮೇಲೆ ಇಟ್ಟು ಹೋದರು. ಅದಕ್ಕೆ ಕಟ್ಟಿದ್ದು ಬಲೆ ಹೆಣೆಯುವ ನೈಲಾನ್ ದಾರ.

ಆಮೇಲೆ ಬಿ.ಎಡ್. ಮಾಡಿದೆ. ಎರಡು ಸಾವಿರದ ನಂತರದ ಕೆಲವು ವರ್ಷ ಕುಣಿಗಲ್ಲಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿದೆ. ಕೆರೆ ಏರಿಯ ಪಕ್ಕದಲ್ಲೇ ಬಸ್ಸಿಳಿದು ಹೋಗುವಾಗ ಅವರ ನೆನಪು ಬರುತ್ತಿತ್ತು, ಬೇರೆ ಕಡೆ ನೋಡುತ್ತಿದ್ದೆ. ಒಂದು ಡಿಸೆಂಬರಿನಲ್ಲಿ ಶಾಲೆಯ ಪ್ರವಾಸ ಕರಾವಳಿಗೆ ಹೋಯಿತು. ಇಳಿತದ ಹೊತ್ತು, ಬಂಡೆಗಳ ನಡುವೆ ಅಲ್ಲಲ್ಲಿ ಹೊಂಡಗಳಲ್ಲಿ ನೀರು ನಿಂತಿತ್ತು. ಮಕ್ಕಳು ಮರಳಿನಲ್ಲಿ ಆಡುತ್ತಿದ್ದರು. ನಾನೊಬ್ಬಳೇ ಒಂದು ಹೊಂಡದ ಅಂಚಿನಲ್ಲಿ ಕೂತೆ.

ಏನೂ ಕಾಣಲಿಲ್ಲ. ಕಲ್ಲು, ಪಾಚಿ, ಒಡೆದ ಚಿಪ್ಪು. ಬಹಳ ಹೊತ್ತು ಕೂತ ಮೇಲೆ, ಕಲ್ಲಿನ ಮೇಲೆ ಕಲ್ಲಿಗೆ ಸೇರದ ಸಣ್ಣ ನೆರಳೊಂದು ಕಂಡಿತು. ನೆರಳು ಇದ್ದಲ್ಲಿ ಮೈಯೂ ಇರಬೇಕಲ್ಲ ಎಂದು ದಿಟ್ಟಿಸಿದೆ. ಮೊದಲು ಕಣ್ಣು ಸಿಕ್ಕಿತು. ಆಮೇಲೆ ಉಸಿರಿಗೆ ಏರಿಳಿಯುವ ಕೆನ್ನೆ. ಕೊನೆಗೆ ಇಡೀ ಮೀನು. ಎರಡೂ ಕೈ ಬಳಸಿ, ಹತ್ತಾರು ಸಲ ತಪ್ಪಿಸಿಕೊಂಡ ಮೇಲೆ, ಹಿಡಿದೆ. ಅಂಗೈಯ ನೀರಿನಲ್ಲಿ ಅದು ಹೊಟ್ಟೆಯೂರಿ ಕೂತಿತು. ಕೈ ಓರೆ ಮಾಡಿದೆ. ನೀರು ಸೋರಿತು, ಮೀನು ಜಾರಲಿಲ್ಲ. ತಣ್ಣನೆಯ ಸಣ್ಣ ಬಟ್ಟಲೊಂದು ನನ್ನ ಚರ್ಮವನ್ನು ಹಿಡಿದುಕೊಂಡಿತ್ತು. ಬೆನ್ನಿನ ಮೇಲೆ ಎರಡು ಬಿಡಿ ರೆಕ್ಕೆ, ಮೈತುಂಬ ಹುರುಪೆ. ಗೋಬಿ. ಅದನ್ನು ನೀರಿಗೆ ಬಿಡುವಾಗಲೇ ಪಕ್ಕದ ಒದ್ದೆ ಬಂಡೆಯಿಂದ ಇನ್ನೊಂದು ಮೀನು ಕಪ್ಪೆಯ ಹಾಗೆ ಹಾರಿತು. ಕಣ್ಣಿನ ಮೇಲೆ ಹುಬ್ಬಿನಂಥ ಪುಟ್ಟ ಕುಚ್ಚು, ತಲೆಯಿಂದ ಬಾಲದವರೆಗೆ ಒಂದೇ ರೆಕ್ಕೆ, ಲೋಳೆ ಮೈ. ಕುಳ್ಳ ಬಾಟಲಿಯಲ್ಲಿದ್ದದ್ದು ಇದು.

ಸೀರೆಯ ನೆರಿಗೆ ಪೂರ್ತಿ ನೆನೆದಿತ್ತು. ಸಹೋದ್ಯೋಗಿಯೊಬ್ಬರು ದೂರದಿಂದ, "ಏನ್ ಮಿಸ್, ಏನಾದ್ರೂ ಕಳ್ಕೊಂಡ್ರಾ?" ಎಂದು ಕೂಗಿದರು.

ಕುಣಿಗಲ್ಲಿಗೆ ಮರಳಿದ ವಾರವೇ ಅವರನ್ನು ಹುಡುಕಿದೆ. ಹುಡುಕುವುದೇನೂ ಕಷ್ಟವಾಗಲಿಲ್ಲ, ಹುಲಿಯೂರುದುರ್ಗದ ಬಸ್ಸು ನಿಲ್ಲುವ ಕಡೆ, ಮರದ ಕೆಳಗೆ ಮೀನು ಕೊಯ್ದುಕೊಡುತ್ತಿದ್ದರು. ನಾನು ನಿಂತ ಕೂಡಲೇ ಗುರುತು ಹಿಡಿದರು.

"ಏನವ್ವಾ, ಇನ್ನೂ ಮಾತಾಡ್ತೀಯಾ?"

"ಟೀಚರ್ ಆಗಿದೀನಣ್ಣ."

"ಹಂಗಾರೆ ಮಾತಾಡ್ತೀಯ ಅಂತಾಯ್ತು." ಹುರುಪೆ ಉಜ್ಜುವ ಕೈ ನಿಲ್ಲಲಿಲ್ಲ.

ಅವತ್ತು ತಪ್ಪು ನನ್ನದು, ನಿಮ್ಮ ಮಾತನ್ನು ತಿರುಚಿದೆ, ಮೀನು ನೀವು ಹೇಳಿದ ಹಾಗೇ ಇತ್ತು ಎಂದು ಹೇಳಿದೆ. ಜೀವನದಲ್ಲಿ ಅಷ್ಟು ಕೆಟ್ಟದಾಗಿ ಯಾವತ್ತೂ ಮಾತಾಡಿರಲಿಲ್ಲ. ಒಂದು ವಾಕ್ಯ ಇನ್ನೊಂದಕ್ಕೆ ಕೂಡುತ್ತಿರಲಿಲ್ಲ. ಅವರು ಕೇಳಿಸಿಕೊಂಡರು. ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಕೊಯ್ದ ಮೀನನ್ನು ಕಾಗದದಲ್ಲಿ ಸುತ್ತಿ ಗಿರಾಕಿಯ ಕೈಗಿಟ್ಟು, ಕೈ ತೊಳೆದುಕೊಂಡು, ಕೇಳಿದ್ದು ಬೇರೆಯದೇ.

"ಚೀಟಿ ಈಗ ಹೆಂಗೈತೆ? ನಾನ್ ಹಚ್ಚಿದ್ದು ಹಂಗೇ ಐತಾ, ಕಿತ್ತಾಕುದ್ರಾ?"

ಗೊತ್ತಿಲ್ಲ ಎಂದೆ.

"ನೋಡ್ಕಂಡ್ ಬಂದು ಹೇಳು" ಎಂದರು. "ಊರಲ್ಲಿ ಕೇಳ್ತಾರೆ, ಮಕ್ಳುನ್ ಬೀಳ್ಸಕ್ಕೋಗಿ ಕೆಲ್ಸ ಕಳ್ಕಂಡ್ನಂತೆ ಅಂತ. ನನ್ ಮಗ್ಳೇ ಒಂದಿನ ಕೇಳುದ್ಲು. ಇಲ್ಲ ಕಣವ್ವ, ಸರಿ ಮಾಡಕ್ಕೋಗಿದ್ದೆ ಅಂದೆ. ನಂಬುದ್ಲೋ ಇಲ್ವೋ. ನಾನು ಹೇಳುದ್ರೆ ಸಾಲಾಕಿಲ್ಲ. ಬಾಟ್ಲಿ ಹೇಳ್ಬೇಕು."

ಮುಂದಿನ ಶನಿವಾರ ತುಮಕೂರಿಗೆ ಹೋದೆ. ಹಳೆಯ ವಿದ್ಯಾರ್ಥಿನಿ ಎಂದು ಹೇಳಿದ್ದಕ್ಕೆ ಮ್ಯೂಸಿಯಮ್ಮಿನ ಬಾಗಿಲು ತೆಗೆದರು. ಕುಳ್ಳ ಬಾಟಲಿ ಅದೇ ಜಾಗದಲ್ಲಿತ್ತು, ಅಂಚು ಒಡೆದ ಅದೇ ಮುಚ್ಚಳ. ಮೇಲೆ ಗೋಬಿ ಎಂದಿತ್ತು. ಹಳೆಯ ಚೀಟಿಯೂ ಅಲ್ಲ, ಹೊಸದಾಗಿ ಬರೆದು ಪಾರದರ್ಶಕ ಟೇಪು ಹಚ್ಚಿ ಭದ್ರ ಮಾಡಿದ್ದರು. ಕಿಟಕಿಯ ಹತ್ತಿರ ಇಬ್ಬರು ಹುಡುಗಿಯರು ಓದುತ್ತಿದ್ದರು. ಒಬ್ಬಳ ತುಟಿ ಅಲ್ಲಾಡುತ್ತಿತ್ತು. ಏನು ಹೇಳಿಕೊಳ್ಳುತ್ತಿದ್ದಾಳೆ ಎಂದು ಕೇಳಬೇಕಾಗಿರಲಿಲ್ಲ.

ಬಾಟಲಿಯನ್ನು ಬೆಳಕಿಗೆ ಹಿಡಿದು ಬುಡಮೇಲು ಮಾಡಿದೆ. ಎರಡು ದಾರದಂಥ ರೆಕ್ಕೆ. ಬಟ್ಟಲಿಲ್ಲ. ಗಾಜಿನ ಹೊರಗಿನಿಂದಲೇ, ಯಾವ ಸೂಕ್ಷ್ಮದರ್ಶಕವೂ ಇಲ್ಲದೆ, ಚೆನ್ನಾಗಿ ಕಾಣುತ್ತಿತ್ತು. ಹಾಗೆ ಹಿಡಿದುಕೊಂಡು ನಿಂತಾಗ ಆ ಭಂಗಿಯನ್ನು ಮುಂಚೆ ಎಲ್ಲಿ ನೋಡಿದ್ದೆ ಎಂದು ನೆನಪಾಯಿತು. ಇದೇ ನನ್ನ ಎರಡನೆಯ ತಕರಾರು. ಗೋಬಿಯನ್ನು ಗುರುತಿಸಲು ಎಲ್ಲಿ ನೋಡಬೇಕು ಎಂದು ಗೊತ್ತಿಲ್ಲದವರು ಬಾಟಲಿಯನ್ನು ಬುಡಮೇಲು ಮಾಡುವುದಿಲ್ಲ.

ಗೆಳತಿಗೆ ಫೋನ್ ಮಾಡಿ ಹೇಳಿದೆ. "ಈಗ್ಯಾಕೆ ಕೆದಕ್ತೀಯ ಕಣೇ? ಮೇಷ್ಟ್ರು ರಿಟೈರೂ ಆದ್ರು" ಎಂದಳು. ನಾನು ಕೆದಕದಿದ್ದರೆ ಕುಣಿಗಲ್ಲಿನಲ್ಲಿ ಒಬ್ಬ ಮಗಳು ಅಪ್ಪನನ್ನು ಅರ್ಧ ನಂಬಿಕೊಂಡೇ ಇರುತ್ತಾಳೆ ಎಂದೆ.

ನಡೆದದ್ದನ್ನು ಒಂದೇ ಹಾಳೆಯಲ್ಲಿ ಬರೆದೆ. ಕಾಲೇಜಿಗೆ ಕೊಡಲು ಒಂದು ಪ್ರತಿ, ಅವರ ಮಗಳಿಗೆ ಒಂದು. ಅಟೆಂಡರ್ ಲೇಬಲ್ ಸರಿಪಡಿಸಿದ್ದರು, ನಾನು ಅವರ ಮಾತನ್ನು ತಿರುಚಿದೆ ಎಂದು ಬರೆದು ಕೆಳಗೆ ಸಹಿ ಹಾಕಿದೆ. ನನ್ನ ಸಹಿಯ ಪಕ್ಕದಲ್ಲಿ ಇನ್ನೊಂದು ಸಹಿಗೆ ಜಾಗ ಬಿಟ್ಟೆ.

ಮೇಷ್ಟ್ರ ಮನೆ ಶಿರಾ ಗೇಟ್ ದಾಟಿ ಒಳರಸ್ತೆಯಲ್ಲಿ. ಅವರು ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ನನ್ನನ್ನು ನೋಡಿ ನಿಜಕ್ಕೂ ಸಂತೋಷಪಟ್ಟರು. "ನಮ್ಮ ಡಿಬೇಟ್ ಚಾಂಪಿಯನ್ ಬಂದ್ಳು, ಕಾಫಿ ತಾರೇ" ಎಂದು ಒಳಗೆ ಕೂಗಿದರು. ಒಳ್ಳೆಯ ಮೇಷ್ಟ್ರು, ಅದನ್ನೂ ಹೇಳಬೇಕು. ಮನೆಯಲ್ಲಿ ಮುಂದೆ ಓದುವುದು ಬೇಡ ಎಂದಾಗ ಗುಬ್ಬಿಗೆ ಬಂದು ನಮ್ಮಪ್ಪನ ಹತ್ತಿರ ಮಾತಾಡಿದವರು ಇವರೇ.

ಹಾಳೆಯನ್ನು ಕೊಟ್ಟೆ. ಓದಿದರು. ಮಡಚಿದರು, ಮತ್ತೆ ಬಿಡಿಸಿ ಓದಿದರು. ಕನ್ನಡಕವನ್ನು ಹಣೆಗೆ ಸರಿಸಿದರು. ಕಾಫಿ ಬಂತು, ಆರಿತು. ರಸ್ತೆಯಲ್ಲಿ ಲಾರಿಯೊಂದು ಹಾದುಹೋಗುವವರೆಗೂ ಕಾದೆ, ಕೇಳಿಸಲಿಲ್ಲ ಎಂದು ಹೇಳಲು ಇಬ್ಬರಿಗೂ ಅವಕಾಶ ಇರಬಾರದೆಂದು.

ವಾದ ಹೂಡಲಿಲ್ಲ. ಮೂರು ಸಾಕ್ಷಿ ಎಣಿಸಲಿಲ್ಲ. ಒಂದೇ ಒಂದು ಕೇಳಿದೆ.

"ಸರ್, ಅವತ್ತು ಕಿಟಕಿ ಹತ್ರ ನಿಂತು ಬಾಟಲಿ ಬುಡಮೇಲು ಮಾಡಿ ನೋಡಿದ್ರಲ್ಲ, ನಿಮಗೆ ಏನು ಕಾಣಿಸ್ತು?"